‘ಚೆನ್ನಾಗಿತ್ತು’ ಅಂತ ಇನ್ನೆಷ್ಟು ಶನಿವಾರ ಹೇಳ್ತೀರಿ?

ಪ್ರಶ್ನೆ: ಮದುವೆಯಾಗಿ ಎರಡು ವರ್ಷವಾಯ್ತು. ಯಜಮಾನರು ಒಳ್ಳೆಯವರೇ. ಆದರೆ ಶನಿವಾರ ರಾತ್ರಿ ಬಂತೆಂದರೆ ಕೊಲೆ, ರಕ್ತದ ಸಿನಿಮಾಗಳೇ ಆಗಬೇಕು. ನಾನೂ ಪಕ್ಕದಲ್ಲಿ ಕೂರಬೇಕು. ಮೊನ್ನೆ ‘ಗರುಡ ಗಮನ ವೃಷಭ ವಾಹನ’ ಹಾಕಿದ್ದರು. ಮುಗಿದ ಮೇಲೆ ‘ಹೇಗಿತ್ತು?’ ಅಂತಾರೆ, ‘ಚೆನ್ನಾಗಿತ್ತು’ ಅಂತೀನಿ, ಆಮೇಲೆ ನಿದ್ದೆ ಬರಲ್ಲ. ಸಾಲದ್ದಕ್ಕೆ ಲೈಟ್ ಆರಿಸಿ ಬಾಗಿಲ ಹಿಂದೆ ನಿಂತು ಹೆದರಿಸಿ, ವಿಡಿಯೊ ಮಾಡಿ ಫ್ಯಾಮಿಲಿ ಗ್ರೂಪಿಗೆ ಹಾಕುತ್ತಾರೆ. ಹೋದ ವಾರ ಕೈಯಲ್ಲಿದ್ದ ಬಿಸಿ ಹಾಲು ಕಾಲ ಮೇಲೆ ಚೆಲ್ಲಿತು. ‘ನಿನಗೆ ಕಾಮಿಡಿನೇ ಅರ್ಥ ಆಗಲ್ಲ’ ಅಂದರು. ‘ಸು ಫ್ರಮ್ ಸೋ’ ನೋಡಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕವಳು ನಾನು! ಅಷ್ಟು ರಕ್ತ ನೋಡಿ ಖುಷಿಪಡುವವರ ಮನಸ್ಸು ಹೇಗಿರುತ್ತೋ ಅಂತ ಒಳಗೊಳಗೇ ಭಯ. ಮೈದುನನ ಎಂಟು ವರ್ಷದ ಮಗನೂ ಜೊತೆಗೆ ಕೂತು ನೋಡುತ್ತಾನೆ. ನಾನೇ ಹೊಂದಿಕೊಳ್ಳಬೇಕಾ?
– ಗೃಹಿಣಿ, ದಾವಣಗೆರೆ

ಉತ್ತರ: ಮೊದಲು ಹೇಳಿ, ಕಾಲು ಹೇಗಿದೆ? ಗುಳ್ಳೆ ಎದ್ದಿದ್ದರೆ ಒಡೆಯಬೇಡಿ, ಟೂತ್‌ಪೇಸ್ಟ್ ಗೀಸ್ಟ್ ಹಚ್ಚಬೇಡಿ, ಡಾಕ್ಟರಿಗೆ ತೋರಿಸಿ.

ಈಗ ನಿಮ್ಮ ಭಯದ ವಿಷಯ. ಕೊಲೆ ಸಿನಿಮಾ ನೋಡುವವರೆಲ್ಲ ಕ್ರೂರಿಗಳಲ್ಲ. ನಿಮ್ಮ ನಿದ್ದೆ ಕೆಡಿಸಿದ ಆ ಸಿನಿಮಾವನ್ನು 2021ರಲ್ಲಿ ಮಾಡಿದ ರಾಜ್ ಬಿ. ಶೆಟ್ಟರೇ 2017ರಲ್ಲಿ ‘ಒಂದು ಮೊಟ್ಟೆಯ ಕಥೆ’ ಮಾಡಿದ್ದು. ಕೂದಲು ಉದುರಿದ ಮೇಷ್ಟ್ರು ಹೆಣ್ಣು ಹುಡುಕುವ ಪಾಪದ ಕಥೆ ಅದು. ನೀವು ಅಷ್ಟು ನಕ್ಕ ‘ಸು ಫ್ರಮ್ ಸೋ’ದ ನಿರ್ಮಾಪಕರಲ್ಲಿ ಅವರೂ ಒಬ್ಬರು, ಅದರಲ್ಲಿ ಗುರೂಜಿ ಆಗಿ ಬಂದದ್ದೂ ಅವರೇ. ಒಬ್ಬನೇ ಮನುಷ್ಯನೊಳಗೆ ಇಷ್ಟೆಲ್ಲ ಇರುತ್ತೆ, ನಿಮ್ಮ ಯಜಮಾನರೊಳಗೂ ಇರಬಹುದು ಅಲ್ವಾ? ‘ಗರುಡ ಗಮನ’ದಲ್ಲಿ ಕೊಲೆ ಮಾಡಿದ ಶಿವ ಹುಲಿವೇಷದ ಹೆಜ್ಜೆ ಹಾಕುವಾಗ ಹಿಂದೆ ‘ಸೋಜುಗಾದ ಸೂಜುಮಲ್ಲಿಗೆ’ ಕೇಳುತ್ತದಲ್ಲ, ನನಗಂತೂ ಅಲ್ಲಿ ಮೈ ಜುಮ್ಮೆಂದಿತ್ತು. ಮಾದಪ್ಪನ ಹಾಡು, ಎದುರಿಗೆ ಕೊಲೆಗಾರ. ಆ ಸಂಕಟವೇ ಕೆಲವರಿಗೆ ರುಚಿ. ನಿಮಗೆ ಹಿಡಿಸಲಿಲ್ಲ, ಅದೂ ಸರಿಯೇ.

ತಪ್ಪಿದ್ದು ಎಲ್ಲಿ ಗೊತ್ತಾ? ಆ ‘ಚೆನ್ನಾಗಿತ್ತು’ ಅನ್ನುವಲ್ಲಿ. ನಿಮಗೂ ಇಷ್ಟ ಅಂದುಕೊಂಡೇ ಅವರು ಪ್ರತಿ ವಾರ ಹುಡುಕಿ ಹುಡುಕಿ ಇನ್ನೊಂದು ಹಾಕುತ್ತಿದ್ದಾರೆ. ಈ ಶನಿವಾರ ಟಿವಿ ಹಾಕುವ ಮೊದಲೇ ಹೇಳಿ: ‘ರೀ, ಇಂಥದ್ದು ನನಗೆ ಆಗಲ್ಲ. ನೀವು ನೋಡಿ, ನಾನು ಒಳಗಿರ್ತೀನಿ.’ ಮುಖ ಊದಿಸಿಕೊಂಡು ಹೋಗಬೇಡಿ, ಸುಮ್ನೆ ಎದ್ದು ಹೋಗಿ. ಯಾವಾಗಲಾದರೂ ಅವರ ಖುಷಿಗೆ ಕೂರಬೇಕು ಅನಿಸಿದರೆ ಸೌಂಡ್ ಕಡಿಮೆ ಮಾಡಿಸಿ, ಲೈಟ್ ಹಾಕಿರಿ. ಬೆಚ್ಚಿಬೀಳಿಸುವ ಕೆಲಸ ಅರ್ಧಕ್ಕರ್ಧ ಸದ್ದಿನದೇ.

ಬಾಗಿಲ ಹಿಂದಿನ ಆಟ ಮಾತ್ರ ಬೇರೆ. ಅದಕ್ಕೆ ಹೊಂದಿಕೊಳ್ಳಬೇಡಿ. ಕತ್ತಲಲ್ಲಿ ಯಾರಾದರೂ ‘ಭೋ’ ಅಂದರೆ ಮೈ ತಾನಾಗಿ ಅದುರುತ್ತೆ. ಅದನ್ನು ತಡೆಯೋದು ಯಾರ ಕೈಯಲ್ಲೂ ಇಲ್ಲ. ಕಾಮಿಡಿ ಅರ್ಥ ಆಗದ್ದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ‘ಸು ಫ್ರಮ್ ಸೋ’ದಲ್ಲಿ ಅಶೋಕ ತನ್ನ ಮೇಲೆ ಸೋಮೇಶ್ವರದ ಸುಲೋಚನ ಬಂದಿದ್ದಾಳೆ ಅಂತ ನಾಟಕ ಶುರುಮಾಡಿದಾಗ ಊರೆಲ್ಲ ನಡುಗುತ್ತೆ, ನಾವೆಲ್ಲ ನಗುತ್ತೇವೆ. ಯಾವಾಗ ಆ ಸುಲೋಚನಳ ಮಗಳೇ ಎದುರಿಗೆ ಬಂದು ನಿಲ್ಲುತ್ತಾಳೋ ಆಗ ಅಶೋಕನಿಗೇ ನಗು ಬರುವುದಿಲ್ಲ. ನಿಮ್ಮ ಯಜಮಾನರಿಗೆ ಆ ಸಿನಿಮಾ ಇನ್ನೊಮ್ಮೆ ತೋರಿಸಿ, ಆ ಜಾಗ ಬಂದಾಗ ನಿಮ್ಮ ಕಾಲು ತೋರಿಸಿ. ಮಾತು ಅಲ್ಲಿಂದಲೇ ಶುರುವಾಗಲಿ. ಇನ್ನು ಮುಂದೆ ಹೆದರಿಸುವುದೂ ಬೇಡ, ನಿಮ್ಮನ್ನು ಕೇಳದೆ ಗ್ರೂಪಿಗೆ ವಿಡಿಯೊ ಹಾಕುವುದೂ ಬೇಡ. ಇದನ್ನು ನಗುನಗುತ್ತಾ ಹೇಳಬೇಡಿ, ತಮಾಷೆ ಅಂದುಕೊಂಡುಬಿಡುತ್ತಾರೆ.

ಹುಡುಗನ ವಿಷಯದಲ್ಲಿ ರುಚಿ ಗಿಚಿಯ ಪ್ರಶ್ನೆಯೇ ಇಲ್ಲ. 2021ರ ನಿಯಮದ ಪ್ರಕಾರ ಒಟಿಟಿಯಲ್ಲಿ ಪ್ರತಿ ಸಿನಿಮಾಕ್ಕೂ ಯು, ಯುಎ 7+, ಯುಎ 13+, ಯುಎ 16+, ಎ ಅಂತ ವಯಸ್ಸಿನ ಗುರುತು ಇರಲೇಬೇಕು. 13+ ಮತ್ತು ಅದರ ಮೇಲಿನದಕ್ಕೆ ಪೇರೆಂಟಲ್ ಲಾಕ್ ಕೊಟ್ಟಿರುತ್ತಾರೆ. ಅದನ್ನು ಹಾಕಿಸಿ, ಪಿನ್ ಮೈದುನರ ಹತ್ತಿರ ಇರಲಿ. ಅಪ್ಪ ಅವರು ತಾನೇ?

ಇಷ್ಟು ಸ್ಪಷ್ಟವಾಗಿ ಹೇಳಿದ ಮೇಲೂ ಅವರು ಬಾಗಿಲ ಹಿಂದೆ ನಿಂತರೆ ಅದನ್ನು ಪ್ರಾಂಕ್ ಅಂತ ಕರೆಯಬೇಡಿ. ಅತ್ತೆಗೋ ನಿಮ್ಮ ಅಮ್ಮನಿಗೋ ಹಾಲು ಚೆಲ್ಲಿದ್ದೂ ಸೇರಿ ಎಲ್ಲವನ್ನೂ ಹೇಳಿ. ನನಗೂ ಇನ್ನೊಂದು ಪತ್ರ ಹಾಕಿ.