ಡ್ಯೂಟಿ ಬಿಡದೆ ಡಿಗ್ರಿ ಆಗುತ್ತದೆಯೇ?

ಯಾದಗಿರಿ ಜಿಲ್ಲೆಯ ಓದುಗಿಯೊಬ್ಬರು ಹೆಸರು ಹಾಕಬೇಡಿ ಎಂದು ಕೇಳಿಕೊಂಡು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಪಿಯುಸಿ ಕಲಾ ವಿಭಾಗ, ಆಮೇಲೆ ಜಿಎನ್‌ಎಂ (ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ ಡಿಪ್ಲೊಮಾ), ಈಗ ಮೂರು ವರ್ಷದಿಂದ ಕಲಬುರಗಿಯ ಖಾಸಗಿ ಆಸ್ಪತ್ರೆಯೊಂದರ ಹೆರಿಗೆ ವಾರ್ಡಿನಲ್ಲಿ ಸ್ಟಾಫ್ ನರ್ಸ್. ಜಿಎನ್‌ಎಂ ಆದವರಿಗಿರುವ ಎರಡು ವರ್ಷದ ಡಿಗ್ರಿ, ಪೋಸ್ಟ್ ಬೇಸಿಕ್ ಬಿ.ಎಸ್ಸಿ. ನರ್ಸಿಂಗ್ ಸೇರಬೇಕೆಂಬ ಆಸೆ. ಮನೆಯಲ್ಲಿ ಮೂರೂವರೆ ವರ್ಷದ ಮಗ. "ನೌಕರಿ ಅದ ಅಲ್ಲ, ಮತ್ತ ಕಾಲೇಜಿಗಿ ಯಾಕ ಹೋಗ್ತಿ?" ಎಂದು ಅತ್ತೆಯವರು ಕೇಳುತ್ತಾರಂತೆ. ಏಜೆಂಟರೊಬ್ಬರು "ಕ್ಲಾಸಿಗಿ ಬರೋದೇ ಬ್ಯಾಡ, ಪರೀಕ್ಷಾಕ್ಕ ಬಂದ್ರ ಸಾಕು" ಎಂದಿದ್ದಾರೆ. ರಾತ್ರಿ ಪಾಳಿ ಮಾಡುತ್ತ ಓದಲು ಆಗುತ್ತದೆಯೇ, ಇಂಗ್ಲಿಷ್ ಗಟ್ಟಿ ಇಲ್ಲದವರು ಪಾಸಾಗುತ್ತಾರೆಯೇ ಎಂಬುದು ಅವರ ಪ್ರಶ್ನೆ. ಜೊತೆಗೆ, ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿರುವ ತಂಗಿಗೆ ಬೇಗ ನರ್ಸಿಂಗ್ ಡಿಗ್ರಿ ಸಿಗುವ ದಾರಿ ಇದೆಯೇ ಎಂದೂ ಕೇಳಿದ್ದಾರೆ.

ತಂಗಿಯ ಮಾತು ಮೊದಲು ಮುಗಿಸೋಣ. ಬೇರೆ ವಿಷಯದಲ್ಲಿ ಪದವಿ ಪಡೆದವರನ್ನು 11ರಿಂದ 18 ತಿಂಗಳಲ್ಲಿ ನರ್ಸಿಂಗ್ ಪದವೀಧರರನ್ನಾಗಿ ಮಾಡುವ ಕೋರ್ಸು ಇರುವುದು ಅಮೆರಿಕದಲ್ಲಿ. ನಮ್ಮಲ್ಲಿ ಅಂಥದ್ದಿಲ್ಲ. ಅವರು ಪಿಯುಸಿಯಲ್ಲಿ ವಿಜ್ಞಾನ ಓದಿರುವುದರಿಂದ ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಸೇರಬಹುದು, ಇಲ್ಲವೇ ಮೂರು ವರ್ಷದ ಜಿಎನ್‌ಎಂ. ಕೈಯಲ್ಲಿರುವ ಡಿಗ್ರಿಯಿಂದ ಒಂದು ವರ್ಷವೂ ಕಡಿಮೆಯಾಗುವುದಿಲ್ಲ. ಯಾರಾದರೂ ಆಗುತ್ತದೆ ಎಂದರೆ ದುಡ್ಡು ಕೊಡಬೇಡಿ.

ಇನ್ನು ನಿಮ್ಮ ವಿಷಯ. ಸೇರಿರಿ ಎಂದೇ ನಮ್ಮ ಸಲಹೆ. ಆದರೆ ಸೇರುವುದಾದರೆ ಪೂರ್ತಿ ಸೇರಿರಿ. ಡ್ಯೂಟಿಯನ್ನೂ ಕಾಲೇಜನ್ನೂ ಅರ್ಧರ್ಧ ಹಿಡಿದವರಿಗೆ ಎರಡೂ ಕೈ ಜಾರುವುದು ಈ ಕೋರ್ಸಿನಲ್ಲಿ ಮತ್ತೆ ಮತ್ತೆ ಆಗುವ ಸಂಗತಿ. ಅದು ಯಾಕೆಂದು ಲೆಕ್ಕ ಹಾಕಿ ತೋರಿಸುತ್ತೇವೆ.

ಭಾರತೀಯ ನರ್ಸಿಂಗ್ ಪರಿಷತ್ತಿನ ಪಠ್ಯಕ್ರಮದ ಪ್ರಕಾರ ಮೊದಲ ವರ್ಷ 525 ಗಂಟೆ ಥಿಯರಿ, 810 ಗಂಟೆ ಪ್ರಾಕ್ಟಿಕಲ್. ಎರಡನೇ ವರ್ಷ 345 ಮತ್ತು 855. ರಜೆ, ಹಬ್ಬ, ಪರೀಕ್ಷೆ ಎಲ್ಲ ಕಳೆದರೆ ವರ್ಷಕ್ಕೆ ಉಳಿಯುವುದು ಸುಮಾರು 40 ವಾರ. ಅಂದರೆ ವಾರಕ್ಕೆ 30ರಿಂದ 33 ಗಂಟೆ ಕಾಲೇಜು ಮತ್ತು ವಾರ್ಡು. ಅಸೈನ್‌ಮೆಂಟು, ಕೇರ್ ಪ್ಲ್ಯಾನು (ರೋಗಿಯ ಆರೈಕೆಯ ಯೋಜನೆ), ರೆಕಾರ್ಡು ಬರೆಯುವ ಹೊತ್ತು ಇದರಲ್ಲಿ ಸೇರಿಲ್ಲ.

ಹಾಜರಿಯ ನಿಯಮದಲ್ಲಿ ಹೆಚ್ಚಿನವರು ಗಮನಿಸದ ಒಂದು ಅಂಶವಿದೆ. ಪರೀಕ್ಷೆಗೆ ಕೂರಲು 80 ಶೇಕಡಾ ಹಾಜರಿ ಬೇಕು, ಅದೂ ಒಟ್ಟಾರೆ ಅಲ್ಲ, ಪ್ರತಿ ವಿಷಯದಲ್ಲಿ, ಥಿಯರಿಗೆ ಬೇರೆ, ಪ್ರಾಕ್ಟಿಕಲ್‌ಗೆ ಬೇರೆ. ತಾಯಿ ಆರೋಗ್ಯದ ಪೋಸ್ಟಿಂಗ್, ಅಂದರೆ ವಾರ್ಡಿನ ಪ್ರಾಕ್ಟಿಕಲ್, 240 ಗಂಟೆ. ಅದರ 20 ಶೇಕಡಾ 48 ಗಂಟೆ. ದಿನಕ್ಕೆ ಆರು ಗಂಟೆಯ ಪೋಸ್ಟಿಂಗ್ ಎಂದುಕೊಂಡರೆ ಎಂಟು ದಿನ. ಮಗನಿಗೆ ಜ್ವರ ಬಂದು ಐದು ದಿನ, ಶರಣಬಸವೇಶ್ವರ ಜಾತ್ರೆಗೆ ಊರಿನವರು ಬಂದರೆಂದು ಎರಡು ದಿನ, ರಾತ್ರಿ ಡ್ಯೂಟಿ ಮುಗಿಸಿ ಏಳಲಾಗದೆ ಎರಡು ದಿನ, ಒಂಬತ್ತಾಯಿತು. ಉಳಿದೆಲ್ಲ ವಿಷಯದಲ್ಲಿ 95 ಇದ್ದರೂ ಆ ಒಂದರಲ್ಲಿ ಸಿಕ್ಕಿಬೀಳುತ್ತೀರಿ. ಮೇಲಾಗಿ ಡಿಗ್ರಿ ಕೈಗೆ ಬರುವ ಮುಂಚೆ ಪ್ರಾಕ್ಟಿಕಲ್ 100 ಶೇಕಡಾ ತುಂಬಿಸಿಕೊಡಬೇಕು. ತಪ್ಪಿಸಿದ ದಿನಗಳನ್ನು ರಜೆಯಲ್ಲಿ ಮಾಡಿ ತೀರಿಸುವುದೇ ದಾರಿ.

ಹೀಗಿರುವಾಗ ಆ ಏಜೆಂಟರ ಮಾತು ಎಲ್ಲಿಗೆ ಮುಟ್ಟುತ್ತದೆ ನೋಡಿ. ಕಾಲೇಜಿನ ಹಾಜರಿ ಪುಸ್ತಕದಲ್ಲಿ ನೀವು ವಾರ್ಡಿನಲ್ಲಿದ್ದೀರಿ. ಅದೇ ತಾರೀಖಿಗೆ ಆಸ್ಪತ್ರೆಯ ರಿಜಿಸ್ಟರಿನಲ್ಲಿ, ಪಿಎಫ್ ಖಾತೆಯಲ್ಲಿ ನೀವು ಡ್ಯೂಟಿಯಲ್ಲಿದ್ದೀರಿ. ಮುಂದೆ ನೇಮಕಾತಿಯ ದಾಖಲೆ ಪರಿಶೀಲನೆಯಲ್ಲಿ ಓದಿದ ಅವಧಿಯೂ ಅನುಭವದ ಅವಧಿಯೂ ಒಂದರ ಮೇಲೊಂದು ಬಂದರೆ ಡಿಗ್ರಿ, ಅನುಭವ ಎರಡರ ಮೇಲೂ ಅನುಮಾನ ಬೀಳುತ್ತದೆ. ಸಹಿ ಹಾಕಿದ ರೆಕಾರ್ಡ್ ಪುಸ್ತಕ ನಿಮ್ಮ ಹೆಸರಿನಲ್ಲಿರುತ್ತದೆ, ಏಜೆಂಟರ ಹೆಸರಿನಲ್ಲಿ ಅಲ್ಲ. ದಯವಿಟ್ಟು ಆ ಕಡೆ ಹೋಗಬೇಡಿ.

ಅರ್ಜಿಯ ವಿಚಾರಕ್ಕೆ ಬರೋಣ. ಪಿಯುಸಿ ಕಲಾ ವಿಭಾಗವಾದರೂ ಅಡ್ಡಿಯಿಲ್ಲ. ಬೇಕಾದದ್ದು ಪಿಯುಸಿ ಪಾಸು, ಜಿಎನ್‌ಎಂ ಪಾಸು, ಕರ್ನಾಟಕ ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ನರ್ಸ್ ಮತ್ತು ಮಿಡ್‌ವೈಫ್ ಎಂದು ನೋಂದಣಿ, ದೇಹಾರೋಗ್ಯದ ಪ್ರಮಾಣಪತ್ರ. ಇವುಗಳಲ್ಲಿ ತೊಡಕಾಗುವುದು ನೋಂದಣಿ. ಮದುವೆಯ ನಂತರ ಆಧಾರ್‌ನಲ್ಲಿ ಹೆಸರು ಬದಲಾಗಿ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ತಂದೆಯ ಹೆಸರಿನ ಮೊದಲಕ್ಷರ ಹಾಗೇ ಉಳಿದಿದ್ದರೆ ಎಲ್ಲ ಕಡೆ ತಕರಾರು ಬರುತ್ತದೆ. ಎಸ್‌ಎಸ್‌ಎಲ್‌ಸಿ, ಪಿಯುಸಿ, ಜಿಎನ್‌ಎಂ, ನೋಂದಣಿ, ಆಧಾರ್, ಈ ಐದರ ಹೆಸರನ್ನು ಒಂದು ಹಾಳೆಯ ಮೇಲೆ ಒಂದರ ಕೆಳಗೊಂದು ಬರೆದು ಅಕ್ಷರ ಅಕ್ಷರ ಹೋಲಿಸಿ. ತಪ್ಪಿದ್ದರೆ ಅರ್ಜಿ ಕರೆಯುವ ಮುಂಚೆಯೇ ತಿದ್ದಿಸಿ.

ಕಾಲೇಜು ಆರಿಸುವಾಗ ಕಟ್ಟಡ ನೋಡಬೇಡಿ, ಅನುಮತಿ ನೋಡಿ. ಸರ್ಕಾರದ ಅನುಮತಿ, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜನೆ, ರಾಜ್ಯ ಪರಿಷತ್ತಿನ ಮಾನ್ಯತೆ ಮೂರೂ ಪೋಸ್ಟ್ ಬೇಸಿಕ್ ಕೋರ್ಸಿಗೇ, ಈ ವರ್ಷಕ್ಕೇ ಇರಬೇಕು. ನಾಲ್ಕು ವರ್ಷದ ಬಿ.ಎಸ್ಸಿ.ಗೆ ಅನುಮತಿ ಇದೆ ಎಂದ ಮಾತ್ರಕ್ಕೆ ಇದಕ್ಕೂ ಇರುತ್ತದೆ ಎಂದುಕೊಳ್ಳಬಾರದು. ಹೊರರಾಜ್ಯಕ್ಕೋ ವಿದೇಶಕ್ಕೋ ಹೋಗುವ ಯೋಚನೆ ಇದ್ದರೆ ಭಾರತೀಯ ಪರಿಷತ್ತಿನ ಪಟ್ಟಿಯನ್ನೂ ನೋಡಿಕೊಳ್ಳಿ. ಆಮೇಲೆ ಒಂದೇ ಪ್ರಶ್ನೆ ಕೇಳಿ: ಪೋಸ್ಟಿಂಗ್ ಯಾವ ಆಸ್ಪತ್ರೆಯಲ್ಲಿ, ಅಲ್ಲಿ ಹೆರಿಗೆ, ಮಕ್ಕಳು, ಮಾನಸಿಕ ಆರೋಗ್ಯ ಮೂರೂ ವಿಭಾಗ ನಡೆಯುತ್ತಿವೆಯೇ? ಉತ್ತರ ತಡವರಿಸಿದರೆ ಮುಂದಿನ ಕಾಲೇಜು ನೋಡಿ. ಮೂಲ ದಾಖಲೆ ಕೊಡಬೇಕಾದಾಗ ಪಟ್ಟಿ ಸಮೇತ ಸಹಿ ಮಾಡಿದ ರಸೀದಿ ಪಡೆಯಿರಿ.

ನಮ್ಮ ಭಾಗದವರಾಗಿ 371(ಜೆ) ಪ್ರಮಾಣಪತ್ರವನ್ನೂ ಸಹಾಯಕ ಆಯುಕ್ತರ ಕಚೇರಿಯಿಂದ ಮಾಡಿಸಿಟ್ಟುಕೊಳ್ಳಿ. 2013ರ ಆದೇಶದಂತೆ ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳ ಮೀಸಲು ಸೀಟುಗಳಿಗೂ, ಮುಂದೆ ಇಲ್ಲಿನ ಸರ್ಕಾರಿ ಹುದ್ದೆಗಳಿಗೂ ಅದು ಬೇಕಾಗುತ್ತದೆ. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಇಲ್ಲದೆ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ (ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್) ಅರ್ಜಿ ಮುಂದೆ ಸಾಗುವುದಿಲ್ಲ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ಎಂದು ಬ್ಯಾಂಕಿಗೇ ಹೋಗಿ ಕೇಳಿ. ಹಣ ಮಂಜೂರಾಗಿಯೂ ಕೈಸೇರದಿರಲು ಸಾಮಾನ್ಯ ಕಾರಣ ಇದೇ.

ಈಗ ಓದು. ಅನುಭವವಿರುವ ನರ್ಸುಗಳು ಎಡವುವ ಜಾಗ ಹೊಸಬರು ಎಡವುವ ಜಾಗಕ್ಕಿಂತ ಬೇರೆ. ನಿಮ್ಮ ಕೈಗೆ ಕೆಲಸ ಗೊತ್ತು, ಪರೀಕ್ಷಕರು ಕೇಳುವುದು ಕಾರಣ. ನಿಮ್ಮ ವಾರ್ಡಿನದೇ ಉದಾಹರಣೆ ತೆಗೆದುಕೊಳ್ಳೋಣ. ಬಿಪಿ ಏರಿ ಫಿಟ್ಸ್ ಬಂದ ಗರ್ಭಿಣಿಗೆ ಮೆಗ್ನೀಸಿಯಂ ಸಲ್ಫೇಟ್ ಶುರುವಾಗಿದೆ. ನಾಲ್ಕು ಗಂಟೆಗೊಮ್ಮೆ 5 ಗ್ರಾಂ, ಒಮ್ಮೆ ಬಲ ಪೃಷ್ಠಕ್ಕೆ, ಒಮ್ಮೆ ಎಡಕ್ಕೆ. ಮುಂದಿನ ಡೋಸಿಗೆ ಮೊದಲು ನೀವು ಮೊಣಕಾಲಿನ ಕೆಳಗೆ ಸುತ್ತಿಗೆ ತಟ್ಟಿ ಕಾಲು ಎಗರುತ್ತದೆಯೇ ನೋಡುತ್ತೀರಿ, ಉಸಿರು ನಿಮಿಷಕ್ಕೆ 16ಕ್ಕಿಂತ ಕಡಿಮೆ ಇಲ್ಲ ಎಂದು ಎಣಿಸುತ್ತೀರಿ, ಮೂತ್ರದ ಚೀಲದಲ್ಲಿ ನಾಲ್ಕು ಗಂಟೆಗೆ 100 ಮಿ.ಲೀ. ಆದರೂ ಬಂದಿದೆಯೇ ನೋಡುತ್ತೀರಿ, ಟ್ರೇಯಲ್ಲಿ ಕ್ಯಾಲ್ಸಿಯಂ ಗ್ಲುಕೋನೇಟ್ ಇಟ್ಟುಕೊಳ್ಳುತ್ತೀರಿ. ಕಣ್ಣು ಮುಚ್ಚಿ ಮಾಡುವ ಕೆಲಸ. ಆದರೆ ಈ ನಾಲ್ಕಕ್ಕೂ ನಂಟೇನು? ಮೆಗ್ನೀಸಿಯಂ ದೇಹದಿಂದ ಹೊರಹೋಗುವುದು ಮೂತ್ರಪಿಂಡದ ಮೂಲಕ. ಮೂತ್ರ ಕಡಿಮೆಯಾದರೆ ಅದು ರಕ್ತದಲ್ಲಿ ಸೇರುತ್ತ ಹೋಗುತ್ತದೆ. ಹೆಚ್ಚಾದಾಗ ನರದಿಂದ ಸ್ನಾಯುವಿಗೆ ಹೋಗುವ ಸೂಚನೆಯನ್ನು ತಡೆಯುತ್ತದೆ. ಮೊದಲು ಮಂಡಿಯ ಎಗರು ಹೋಗುತ್ತದೆ, ಇನ್ನೂ ಏರಿದರೆ ಉಸಿರು ನಿಲ್ಲುತ್ತದೆ. ಅದಕ್ಕೇ ಮಂಡಿ ಮೊದಲ ಎಚ್ಚರಿಕೆ. ಸ್ನಾಯುವಿನ ಮೇಲಿನ ಆ ಪರಿಣಾಮಕ್ಕೆ ಎದುರಾಗಿ ಕೆಲಸ ಮಾಡುವುದು ಕ್ಯಾಲ್ಸಿಯಂ. ಇಷ್ಟು ಬರೆದರೆ ಅಂಕ ಬರುತ್ತದೆ. "ಡೋಸಿಗೆ ಮೊದಲು ಪರೀಕ್ಷಿಸಲಾಯಿತು" ಎಂದಷ್ಟೇ ಬರೆದರೆ, ಮೂರು ವರ್ಷದ ಅನುಭವವಿದ್ದೂ, ಬರುವುದಿಲ್ಲ.

ಕೇರ್ ಪ್ಲ್ಯಾನಿನಲ್ಲಿ ಇದೇ ಸಂಗತಿ ಅಂಕಣಗಳಾಗಿ ಬರುತ್ತದೆ. ಅಲ್ಲಿ ಆಗುವ ಮೊದಲ ತಪ್ಪು, ನರ್ಸಿಂಗ್ ಡಯಾಗ್ನೋಸಿಸ್ ಜಾಗದಲ್ಲಿ ಡಾಕ್ಟರ ಡಯಾಗ್ನೋಸಿಸ್ ಬರೆಯುವುದು. "ಎಕ್ಲಾಂಪ್ಸಿಯಾ" (ಮೇಲೆ ಹೇಳಿದ ಫಿಟ್ಸಿನ ಕಾಯಿಲೆ) ಎಂಬುದು ಡಾಕ್ಟರದು. ನೀವು ಬರೆಯಬೇಕಾದದ್ದು ಫಿಟ್ಸ್ ಬಂದು ತಾಯಿಗೂ ಮಗುವಿಗೂ ಪೆಟ್ಟಾಗುವ ಅಪಾಯ. ಎರಡನೆಯದು, ಗುರಿ ಅಳತೆಗೆ ಸಿಗದಂತೆ ಬರೆಯುವುದು. "ಆರೋಗ್ಯ ಸುಧಾರಿಸುವುದು" ಎಂದರೆ ಅಳೆಯುವುದು ಹೇಗೆ? "ಮುಂದಿನ 24 ಗಂಟೆಯಲ್ಲಿ ಫಿಟ್ಸ್ ಬರುವುದಿಲ್ಲ, ತಾಯಿಗೆ ಪೆಟ್ಟಾಗುವುದಿಲ್ಲ" ಎಂದು ಬರೆಯಿರಿ. ಕಾರಣದ ಅಂಕಣವನ್ನು ಖಾಲಿ ಬಿಡುವುದು ಮೂರನೆಯದು. ಸೇರುವ ಮುಂಚೆಯೇ, ಈಗಿನ ಡ್ಯೂಟಿಯಲ್ಲಿ ದಿನಕ್ಕೊಂದು ಕೆಲಸ ಆರಿಸಿ ಅದರ ಕಾರಣವನ್ನು ನಾಲ್ಕು ಸಾಲಿನಲ್ಲಿ ಬರೆಯುವ ಅಭ್ಯಾಸ ಶುರುಮಾಡಿ. ಮೂರು ತಿಂಗಳಲ್ಲಿ 90 ಆಗುತ್ತದೆ. ಮೊದಲ ವರ್ಷದ ಅರ್ಧ ಭಾರ ಅಲ್ಲೇ ಇಳಿಯುತ್ತದೆ.

ಕಲಾ ವಿಭಾಗದಿಂದ ಬಂದವರಿಗೆ ಭಾರವೆನಿಸುವುದು ಬಯೋಕೆಮಿಸ್ಟ್ರಿ ಮತ್ತು ಬಯೋಫಿಸಿಕ್ಸ್, 60 ಗಂಟೆ. ಅದನ್ನು ವಾರಾಂತ್ಯಕ್ಕೆ ಬಿಡಬೇಡಿ. ದಿನಕ್ಕೆ ಮುಕ್ಕಾಲು ಗಂಟೆ ಸಾಕು, ಆದರೆ ದಿನಾ ಬೇಕು. ಲಿವರ್ ಫಂಕ್ಷನ್, ಎಲೆಕ್ಟ್ರೊಲೈಟ್ಸ್, ಆಸಿಡ್-ಬೇಸ್ ಇವನ್ನು ನಿಮ್ಮ ರೋಗಿಗಳ ಲ್ಯಾಬ್ ರಿಪೋರ್ಟ್ ನೆನಪಿಟ್ಟುಕೊಂಡು ಓದಿದರೆ ತಲೆಯಲ್ಲಿ ನಿಲ್ಲುತ್ತವೆ. ಎರಡನೇ ವರ್ಷ ಸಂಖ್ಯಾಶಾಸ್ತ್ರ ಹೆದರಿಸುತ್ತದೆ. ಡ್ರಿಪ್ ಲೆಕ್ಕ ಬರುವವರಿಗೆ ಅದೂ ಬರುತ್ತದೆ. 500 ಮಿ.ಲೀ. ನಾಲ್ಕು ಗಂಟೆಗೆ, ಮಿ.ಲೀ.ಗೆ 20 ಹನಿಯ ಸೆಟ್: 500ನ್ನು 20ರಿಂದ ಗುಣಿಸಿ 240ರಿಂದ ಭಾಗಿಸಿದರೆ ನಿಮಿಷಕ್ಕೆ 42 ಹನಿ. ಸರಾಸರಿಗೂ ವಿಚಲನೆಗೂ ಇದಕ್ಕಿಂತ ದೊಡ್ಡ ಗಣಿತ ಬೇಕಿಲ್ಲ.

ಇಂಗ್ಲಿಷ್ ಬಗ್ಗೆ ನೀವು ಎರಡು ಪುಟ ಬರೆದಿದ್ದೀರಿ, ಭಯ ಅರ್ಥವಾಗುತ್ತದೆ. ಪರೀಕ್ಷೆಗೆ ಬೇಕಾದದ್ದು ಸಾಹಿತ್ಯದ ಇಂಗ್ಲಿಷ್ ಅಲ್ಲ, ಚಿಕ್ಕ ವಾಕ್ಯ, ಸರಿಯಾದ ಪದ. ರಿಪೋರ್ಟ್ ಪುಸ್ತಕದಲ್ಲಿ ಮೂರು ವರ್ಷದಿಂದ ನೀವು ಬರೆಯುತ್ತಿರುವುದೇ ಆ ಭಾಷೆ. ಮೊದಲು ಕನ್ನಡದಲ್ಲಿ ಅರ್ಥ ಮಾಡಿಕೊಂಡು, ಆಮೇಲೆ ಅದನ್ನೇ ಐದು ಇಂಗ್ಲಿಷ್ ವಾಕ್ಯದಲ್ಲಿ ಕೈಯಿಂದ ಬರೆಯಿರಿ. ಓದಿದ್ದು ಸಾಕಾಗುವುದಿಲ್ಲ, ಕೈ ಓಡಬೇಕು. ಹೆಚ್ಚಿನ ಥಿಯರಿ ಪತ್ರಿಕೆಗಳು 75 ಅಂಕ, ಮೂರು ಗಂಟೆ. 10 ಅಂಕದ ಪ್ರಶ್ನೆಗೆ 24 ನಿಮಿಷ, 5ಕ್ಕೆ 12, 2ಕ್ಕೆ ಐದೇ ನಿಮಿಷ. ಫೇಲಾಗುವವರಲ್ಲಿ ಬಹಳ ಜನ ಮೊದಲ ಎರಡು ಪ್ರಶ್ನೆಗೆ ಒಂದೂವರೆ ಗಂಟೆ ಕೊಟ್ಟು ಕೊನೆಯ 20 ಅಂಕ ಮುಟ್ಟದೆ ಬಂದವರು. ಗಡಿಯಾರ ಇಟ್ಟುಕೊಂಡು ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿ. ಥಿಯರಿ, ಪ್ರಾಕ್ಟಿಕಲ್ ಎರಡರಲ್ಲೂ ಬೇರೆ ಬೇರೆಯಾಗಿ 50 ಶೇಕಡಾ ಬೇಕು. ಈ ಪತ್ರಿಕೆಗಳಿಗೆ 25 ಇಂಟರ್ನಲ್ ಅಂಕ ಇರುವುದರಿಂದ ಅಸೈನ್‌ಮೆಂಟ್ ತಡಮಾಡಬೇಡಿ.

ರಾತ್ರಿ ಪಾಳಿಯ ಪ್ರಶ್ನೆಗೆ ನೇರ ಉತ್ತರ: ಬೇಡ. ರಾತ್ರಿ ಎಂಟರಿಂದ ಬೆಳಗ್ಗೆ ಎಂಟು ಮಾಡಿ ಒಂಬತ್ತಕ್ಕೆ ಮಕ್ಕಳ ವಾರ್ಡಿನಲ್ಲಿ ನಿಂತರೆ ಕೆಡುವುದು ಓದು ಮಾತ್ರವಲ್ಲ. ನಿದ್ದೆಗೆಟ್ಟ ಕಣ್ಣಿಗೆ 0.5 ಎಂಬುದು 5 ಆಗಿ ಕಾಣುವುದು ಮಕ್ಕಳ ಡೋಸಿನಲ್ಲೇ. ಆಸ್ಪತ್ರೆಯವರು ಒಪ್ಪಿದರೆ ಭಾನುವಾರದ ಒಂದು ಹಗಲು ಪಾಳಿ ಇರಲಿ, ಅದೂ ಕಾಲೇಜಿಗೆ ತಿಳಿಸಿ, ಪರೀಕ್ಷೆಯ ಎರಡು ತಿಂಗಳು ಅದೂ ಬೇಡ. ಯಾದಗಿರಿಯಿಂದ ದಿನಾ ಓಡಾಡುವ ಯೋಚನೆಯನ್ನೂ ಬಿಡಿ. ವಾಡಿಯಲ್ಲಿ ರೈಲು ನಿಂತ ದಿನ ಬೆಳಗಿನ ಪೋಸ್ಟಿಂಗ್ ತಪ್ಪುತ್ತದೆ, ತಪ್ಪಿದ್ದು ಮೇಲಿನ ಆ ಎಂಟು ದಿನದ ಲೆಕ್ಕಕ್ಕೆ ಸೇರುತ್ತದೆ. ಎರಡನೇ ವರ್ಷ ಸಮುದಾಯ ಆರೋಗ್ಯದ 240 ಗಂಟೆಯ ಪೋಸ್ಟಿಂಗ್ ಏಪ್ರಿಲ್-ಮೇಗೆ ಬಂದರೆ ಮನೆ ಭೇಟಿಯನ್ನು ಹತ್ತು ಗಂಟೆಯೊಳಗೆ ಮುಗಿಸಿ, ಎರಡು ಲೀಟರ್ ನೀರು ಚೀಲದಲ್ಲಿರಲಿ. ನಮ್ಮ ಬಿಸಿಲು ನಿಮಗೆ ಹೇಳಿಕೊಡಬೇಕಿಲ್ಲ.

ಹಾಗಾದರೆ ಹಣ? ಎರಡು ವರ್ಷದ ಶುಲ್ಕ, ಪರೀಕ್ಷಾ ಶುಲ್ಕ, ಸಮವಸ್ತ್ರ, ರೂಮಿನ ಬಾಡಿಗೆ ಬರೆಯಿರಿ. ಅದರ ಕೆಳಗೆ ಬಾರದಿರುವ 24 ತಿಂಗಳ ಸಂಬಳವನ್ನೂ ಬರೆಯಿರಿ. ಈ ಕೊನೆಯ ಸಾಲನ್ನು ಬಿಟ್ಟು ಲೆಕ್ಕ ಹಾಕಿದವರೇ ಮೊದಲ ವರ್ಷದ ನಡುವೆ ರಾತ್ರಿ ಡ್ಯೂಟಿಗೆ ಮರಳುವುದು. ಆರು ತಿಂಗಳ ಮನೆಖರ್ಚು ಕೈಯಲ್ಲಿ ಇಲ್ಲದಿದ್ದರೆ ಒಂದು ವರ್ಷ ತಡವಾಗಿ ಸೇರುವುದೇ ಮೇಲು. ಕೋರ್ಸು ಎಲ್ಲೂ ಹೋಗುವುದಿಲ್ಲ.

ಅತ್ತೆಯವರ ಪ್ರಶ್ನೆ ನ್ಯಾಯವಾದದ್ದೇ, ಅದಕ್ಕೆ ಕಾಗದದ ಮೇಲೆ ಉತ್ತರವಿದೆ. ಎಂ.ಎಸ್ಸಿ. ನರ್ಸಿಂಗ್‌ಗೆ ದಾರಿ ತೆರೆಯುವುದು ಈ ಡಿಗ್ರಿ. ಅದಕ್ಕೆ ಬೇಕಾದ ಒಂದು ವರ್ಷದ ಅನುಭವ ಪೋಸ್ಟ್ ಬೇಸಿಕ್ ಮಾಡಿದವರಿಗೆ ಕೋರ್ಸಿಗೆ ಮುಂಚಿನದಾದರೂ ನಡೆಯುತ್ತದೆ. ಹಾಗಾಗಿ ನಿಮ್ಮ ಮೂರು ವರ್ಷ ವ್ಯರ್ಥವಾಗುವುದಿಲ್ಲ. ಏಮ್ಸ್‌ನ ನರ್ಸಿಂಗ್ ಆಫೀಸರ್ ನೇಮಕಾತಿಯ ನಾರ್ಸೆಟ್ ಪರೀಕ್ಷೆಗೆ ಜಿಎನ್‌ಎಂ ಆದವರಿಂದ ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವ ಕೇಳುತ್ತಾರೆ, ಡಿಗ್ರಿ ಆದವರಿಂದ ಕೇಳುವುದಿಲ್ಲ. ಇದನ್ನೂ, ಡಿಗ್ರಿ ಆದವರಿಗೆ ತೆರೆಯುವ ಬೋಧಕ ಹುದ್ದೆಗಳನ್ನೂ ಅವರೊಂದಿಗೆ ಕೂತು ಹೇಳಿ. ಮಗನನ್ನು ಬೆಳಗ್ಗೆ ಏಳರಿಂದ ಮಧ್ಯಾಹ್ನದವರೆಗೆ ನೋಡಿಕೊಳ್ಳುವವರು ಯಾರೆಂಬುದು ಸೇರುವ ಮುಂಚೆಯೇ ನಿಗದಿಯಾಗಲಿ. ಅವನಿಗೆ ಜ್ವರ ಬಂದ ದಿನ ರಜೆ ಹಾಕುವುದು ಯಾರು, ಅದೂ ನಿಗದಿಯಾಗಲಿ. ಪ್ರತಿ ಸಲ ನೀವೇ ಎಂದಾದರೆ ಎಂಟು ದಿನ ಎರಡು ಜ್ವರಕ್ಕೆ ಮುಗಿಯುತ್ತದೆ.

ಕೆಲಸ ಬಿಡುವಾಗ ಮಾತಿನಲ್ಲಿ ಹೇಳಿ ಬರಬೇಡಿ. ಲಿಖಿತ ನೋಟಿಸ್ ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿ ಸಹಿ ಹಾಕಿಸಿ. ಎಕ್ಸ್‌ಪೀರಿಯನ್ಸ್ ಲೆಟರಿನಲ್ಲಿ ಸೇರಿದ ತಾರೀಖು, ಬಿಟ್ಟ ತಾರೀಖು, ಹುದ್ದೆ, ವಾರ್ಡು, ಆಸ್ಪತ್ರೆಯ ಹಾಸಿಗೆ ಸಂಖ್ಯೆ ಐದೂ ಇರಲಿ. ಬಿಟ್ಟ ತಾರೀಖು ಕಾಲೇಜು ಸೇರುವ ತಾರೀಖಿಗಿಂತ ಮುಂಚಿನದಿರಲಿ. ಎರಡು ವರ್ಷದ ನಂತರ ಫಲಿತಾಂಶ ಬಂದ ಮೇಲೆ ರಾಜ್ಯ ಪರಿಷತ್ತಿಗೆ ಮತ್ತೊಮ್ಮೆ ಅರ್ಜಿ ಹಾಕಿ, ಈ ಡಿಗ್ರಿಯನ್ನು ಹೆಚ್ಚುವರಿ ಅರ್ಹತೆ ಎಂದು ನಿಮ್ಮ ನೋಂದಣಿಗೆ ಸೇರಿಸಿಕೊಳ್ಳುವುದನ್ನು ಮರೆಯಬೇಡಿ.

— ಸಂಪಾದಕರು