ಕುಸುಬಿಯ ಮುಳ್ಳು ಮೊಂಡಾಗಿದೆ

ನಮಸ್ಕಾರ. ಡಿಜಿಟಲ್ ಸಸ್ಯಚಿತ್ರ ಬಿಡಿಸುವ ಕುರಿತ ನಿಮ್ಮ ಲೇಖನ, ಜೊತೆಗಿನ ಕುಸುಬಿ ಚಿತ್ರ ಎರಡೂ ಮುಟ್ಟಿದವು. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಕಾರಣ ಚಿತ್ರದಲ್ಲೇ ಇದೆ.

ವಿಜಯಪುರದ ಕಡೆ ಬಿಳಿಜೋಳದ ಹೊಲಕ್ಕೆ ಅಂಚಿನುದ್ದಕ್ಕೂ ಕುಸುಬಿ ಬಿತ್ತುವುದೇ ದನ ಒಳಗೆ ನುಗ್ಗದಿರಲೆಂದು. ನಿಮ್ಮ ಗಿಡವನ್ನು ಎತ್ತು ಹುಲ್ಲಿನ ಹಾಗೆ ಮೇದೀತು. ಒಂದು ಮುಳ್ಳೂ ಚೂಪಾಗಿಲ್ಲ. ತಪ್ಪು ಕೈಯದಲ್ಲ, ಚಿತ್ರ ಬಿಡಿಸುವ ಆ್ಯಪಿನಲ್ಲಿ ಗೆರೆ ನಯ ಮಾಡುವ ಸ್ಟೆಬಿಲೈಸರಿನದು. ಗೆರೆಯ ನಡುಕ ಹೋಗಲು ಅದನ್ನು ಪೂರ್ತಿ ಏರಿಸಿ ಎಂದು ಲೇಖನದಲ್ಲೂ ಹೇಳಿದ್ದೀರಿ. ಪೆನ್ನು ಸಾಗಿದ ದಾರಿಯ ಸರಾಸರಿ ಹಿಡಿದು ಅದು ಗೆರೆ ಎಳೆಯುತ್ತದೆ. ಪೆನ್ನು ಥಟ್ಟನೆ ತಿರುಗಿದಲ್ಲಿ ಮೂಲೆ ದುಂಡಾಗುತ್ತದೆ. ಕಾಂಡದ ಉದ್ದ ಗೆರೆಗೆ ಇರಲಿ. ಎಲೆಯಂಚಿಗೆ ಬಂದಾಗ ಸೊನ್ನೆಗಿಳಿಸಿ, ಒಂದೊಂದು ಮುಳ್ಳನ್ನೂ ಬುಡದಿಂದ ತುದಿಗೆ ಎರಡು ಬಿಡಿ ಗೆರೆಗಳಲ್ಲಿ ಎಳೆದು ಕೂಡಿಸಿ.

ಹೂವಿನದು ಇನ್ನೂ ದೊಡ್ಡ ತಪ್ಪು. ಸೂರ್ಯಕಾಂತಿಯ ಹಾಗೆ ಸುತ್ತ ಚಪ್ಪಟೆ ಎಸಳು ಬಿಡಿಸಿದ್ದೀರಿ. ಕುಸುಬಿಗೆ ಅವು ಇಲ್ಲವೇ ಇಲ್ಲ. ಎಲ್ಲವೂ ಕೊಳವೆಯಂಥ ಸಣ್ಣ ಹೂ, ಪ್ರತಿಯೊಂದರ ತುದಿಗೆ ಐದು ಸೀಳು. ಒಂದನ್ನು ಚಿಮಟದಿಂದ ಕಿತ್ತು, ಉದ್ದಕ್ಕೆ ಸೀಳಿ, ಪಕ್ಕದಲ್ಲಿ ದೊಡ್ಡದಾಗಿ ಬಿಡಿಸಿ. ಅದರ ಕೆಳಗೆ ‘5 ಪಟ್ಟು’ ಎಂದು ಬರೆಯಬೇಡಿ. ಪುಟಕ್ಕೆ ಹೊಂದಿಸಲು ನಾವು ಚಿತ್ರ ಕುಗ್ಗಿಸಿದರೆ ಆ ಮಾತು ಸುಳ್ಳಾಗುತ್ತದೆ. 5 ಮಿ.ಮೀ. ಅಳತೆಗೆರೆ ಹಾಕಿ, ಚಿತ್ರದ ಜೊತೆ ಅದೂ ಕುಗ್ಗುತ್ತದೆ.

ಒಂದೇ ಎಲೆ ಬಿಡಿಸಿ ತಿರುಗಿಸಿ ಅಂಟಿಸಿದ್ದೀರಿ. ಹೇಗೆ ಗೊತ್ತಾಯಿತೆಂದರೆ, ಹನ್ನೊಂದು ಎಲೆಗೂ ಹುಳ ಒಂದೇ ಜಾಗದಲ್ಲಿ ತೂತು ಕೊರೆದಿದೆ! ಕುಸುಬಿಯ ಕೆಳಗಿನ ಎಲೆ ದೊಡ್ಡವು, ಮುಳ್ಳು ಕಡಿಮೆ. ಮೇಲೆ ಹೋದಂತೆ ಎಲೆ ಚಿಕ್ಕವು, ಮುಳ್ಳು ಹೆಚ್ಚು. ಹೂವಿನ ತಲೆ ದಪ್ಪ, ಕಾಂಡ ಸಣಕಲು ಆಗಿರುವುದು ಫೋನನ್ನು ಹೂವಿಗೆ ತೀರಾ ಹತ್ತಿರ ಹಿಡಿದು ತೆಗೆದ ಫೋಟೊದ ಮೇಲೆ ಎಳೆದದ್ದರಿಂದ. ಎರಡು ಹೆಜ್ಜೆ ಹಿಂದೆ ಸರಿದು ಜೂಮ್ ಮಾಡಿ.

ವಾಟ್ಸಾಪಿನಲ್ಲಿ ಬಂದ ಜೆಪೆಗ್ 1,200 ಪಿಕ್ಸೆಲ್ ಅಗಲವಿದೆ. ಗೆರೆಚಿತ್ರಕ್ಕೆ ನಾವು ಕೇಳುವುದು 600 ಡಿಪಿಐ, ಅಂದರೆ ಅಚ್ಚಿನಲ್ಲಿ ಇಂಚಿಗೆ 600 ಪಿಕ್ಸೆಲ್; ಆ ಲೆಕ್ಕದಲ್ಲಿ ಅದು ಬರೀ 5 ಸೆಂ.ಮೀ. ನಮ್ಮ ಅಚ್ಚಿನ ಅಗಲ 16 ಸೆಂ.ಮೀ., ಅಂದರೆ ಸುಮಾರು 3,800 ಪಿಕ್ಸೆಲ್. ಆಮೇಲೆ ಹಿಗ್ಗಿಸಿದರೆ ಗೆರೆ ಮಸುಕಾಗುವುದಷ್ಟೇ. ಕ್ಯಾನ್ವಾಸ್ ತೆರೆಯುವಾಗಲೇ ಅಷ್ಟು ಇಡಿ. ಟಿಫ್ ಮಾಡಿ ಇಮೇಲಿಗೆ ಕಳಿಸಿ.

ಲೇಯರುಗಳ ಬಗ್ಗೆ ಬರೆದ ಭಾಗ ಚೊಲೋ ಇದೆ, ಅದನ್ನು ಮುಟ್ಟಬೇಡಿ. ಹೂ ಕೆಂಪಗಾಗಿ ಬಾಡುವ ಮೊದಲು ಒಂದು ರೆಂಬೆ ತಂದು ಮೇಜಿನ ಮೇಲಿಟ್ಟು ಚಿತ್ರ ಮತ್ತೆ ಬಿಡಿಸಿ. ಕೊಯ್ಯುವಾಗ ಕೈಗೆ ಅರಿವೆ ಸುತ್ತಿಕೊಳ್ಳಿ.