ಮಾಲ್ ಮೇಲಿನ ಟಾಕೀಸಿಗೂ ಒಂದು ಪುಟ

ಬೆಂಗಳೂರಿನ ನಿವೃತ್ತ ಶಿಕ್ಷಕಿಯೊಬ್ಬರು ಬರೆದಿದ್ದಾರೆ: “ನಿಮ್ಮ ಹಳೇ ಚಿತ್ರಮಂದಿರಗಳ ಸಂಚಿಕೆಯಲ್ಲಿ ಪ್ಲಾಜಾ, ರೆಕ್ಸ್, ಕಪಾಲಿ ಎಲ್ಲ ಇದ್ದವು. ನಮ್ಮ ಮನೆ ಹತ್ತಿರದ ಮಾಲ್‌ನ ಮೇಲಿನ ಮಹಡಿಯಲ್ಲಿ ಎರಡು ಪರದೆಯ ಚಿಕ್ಕ ಟಾಕೀಸ್ ಇತ್ತು. ಮಾಲ್ ನಡೆಯಲಿಲ್ಲ, ಅದೂ ಮುಚ್ಚಿತು. ವಿಶೇಷ ಏನೂ ಇರಲಿಲ್ಲ, ಆದರೂ ನೆನಪಾಗುತ್ತದೆ. ಮಗ ನಗುತ್ತಾನೆ. ನೀವೇನಂತೀರಿ?”

ಉತ್ತರ: ಧಾರಾಳವಾಗಿ ನೆನಪಿಸಿಕೊಳ್ಳಿ ಮೇಡಂ. ಈ ಪುಟವನ್ನು ಮಗನಿಗೂ ತೋರಿಸಿ.

ನಿಮ್ಮ ಮಗನ ನಗುವಿನಲ್ಲೂ ನ್ಯಾಯ ಇದೆ. 1936ರ ಪ್ಲಾಜಾ ಪಕ್ಕದಲ್ಲಿಟ್ಟರೆ ನಿಮ್ಮ ಟಾಕೀಸ್ ಲೆಕ್ಕಕ್ಕೆ ಬರುವುದಿಲ್ಲ. ಜನ ಬರದಿದ್ದರೆ ಬಾಗಿಲು ಹಾಕಲೇಬೇಕು. ಒಪ್ಪಿದೆ.

ಆದರೆ ನಾನೂ ಅಂಥದ್ದೊಂದು ಟಾಕೀಸಿನ ಗಿರಾಕಿಯಾಗಿದ್ದೆ. ಕೆಳಗೆ ಒಂದು ಎಟಿಎಂ, ಒಂದು ಮೊಬೈಲ್ ಕವರ್ ಅಂಗಡಿ ಬಿಟ್ಟರೆ ಎಲ್ಲ ಶಟರ್ ಎಳೆದಿದ್ದವು. ಎಸ್ಕಲೇಟರ್ ನಿಂತು ಹೋಗಿತ್ತು. ಅದನ್ನೇ ಮೆಟ್ಟಿಲು ಮಾಡಿಕೊಂಡು ಹತ್ತುತ್ತಿದ್ದೆವು. ಕೌಂಟರಿನಲ್ಲಿ ಟಿಕೆಟ್ ಕೊಟ್ಟ ಹುಡುಗನೇ ಓಡಿಬಂದು ಬಾಗಿಲಲ್ಲಿ ಅದನ್ನು ಹರಿಯುತ್ತಿದ್ದ. ಇಂಟರ್ವಲ್‌ನಲ್ಲಿ ಪಾಪ್‌ಕಾರ್ನ್ ತುಂಬಿಕೊಡುವವನೂ ಅವನೇ. ಒಂದು ಸಂಜೆ ಕನ್ನಡ ಸಿನಿಮಾಗೆ ಇಡೀ ಹಾಲ್‌ನಲ್ಲಿ ಏಳೆಂಟು ಜನ. ಶೋ ಕ್ಯಾನ್ಸಲ್ ಆಗುತ್ತದೆ ಅಂದುಕೊಂಡೆವು. “ಕೂತ್ಕೊಳ್ಳಿ ಸಾರ್, ಹಾಕ್ತೀವಿ” ಅಂದ, ಹಾಕಿದರು. ಹೊಸ ನಿರ್ದೇಶಕನ ಆ ಸಿನಿಮಾ ಊರಲ್ಲಿ ಬೇರೆಲ್ಲೂ ಸಂಜೆ ಹೊತ್ತಿಗೆ ಸಿಗುತ್ತಿರಲಿಲ್ಲ.

ಇಂಥ ಮಾಲ್‌ಗಳು ಯಾಕೆ ಸೋಲುತ್ತವೆ ಗೊತ್ತಾ? ಕಟ್ಟಿದವರು ಅಂಗಡಿಗಳನ್ನು ಒಂದೊಂದಾಗಿ ಮಾರಿಬಿಡುತ್ತಾರೆ. ಆಮೇಲೆ ನೂರು ಮಾಲೀಕರು. ಯಾವ ಅಂಗಡಿ ಎಲ್ಲಿರಬೇಕು ಅಂತ ನೋಡುವವರಿಲ್ಲ, ನಿರ್ವಹಣೆಯ ದುಡ್ಡು ಕಟ್ಟುವವರಿಲ್ಲ. ಟಾಕೀಸನ್ನು ಮೇಲಿಡುವುದೇ ಜನ ಅಂಗಡಿಗಳನ್ನು ನೋಡಿಕೊಂಡು ಹತ್ತಿ ಬರಲಿ ಅಂತ. ಅಂಗಡಿಗಳೇ ಹೋದ ಮೇಲೆ ಕತ್ತಲೆಯ ಮಹಡಿಗಳನ್ನು ದಾಟಿ ಹೋಗುವವರು ನಾನು, ನೀವು ಅಷ್ಟೇ. 40%ಗಿಂತ ಹೆಚ್ಚು ಖಾಲಿ ಬಿದ್ದ ಮಾಲ್‌ಗಳನ್ನು ‘ಭೂತ ಮಾಲ್’ ಅನ್ನುತ್ತಾರೆ. ದೇಶದ 8 ದೊಡ್ಡ ನಗರಗಳಲ್ಲಿ 2023ರಲ್ಲಿ ಅಂಥವು 64 ಇದ್ದವು ಅಂತ ಆಸ್ತಿ ಸಲಹಾ ಸಂಸ್ಥೆ ನೈಟ್ ಫ್ರಾಂಕ್‌ನ ವರದಿ ಹೇಳುತ್ತದೆ. ಅದೇ ವರ್ಷ ಮೇ ತಿಂಗಳಲ್ಲಿ ಮಲ್ಟಿಪ್ಲೆಕ್ಸ್ ಕಂಪನಿ ಪಿವಿಆರ್ ಐನಾಕ್ಸ್ ತನ್ನ 50 ಪರದೆಗಳನ್ನು ಮುಚ್ಚುವುದಾಗಿ ಹೇಳಿತು. ಒಂದೋ ಅವು ನಷ್ಟದಲ್ಲಿವೆ, ಇಲ್ಲವೇ ಮತ್ತೆ ಚೇತರಿಸಿಕೊಳ್ಳದ ಮಾಲ್‌ಗಳಲ್ಲಿವೆ ಅನ್ನುವುದು ಅವರು ಕೊಟ್ಟ ಕಾರಣ. ಆ 50ರ ಬಗ್ಗೆ ಯಾರಾದರೂ ಒಂದು ಲೇಖನ ಬರೆದರಾ? 2018ರ ಕೊನೇ ದಿನ ರೆಕ್ಸ್ ಮುಚ್ಚಿದಾಗ ಪತ್ರಿಕೆಗಳು ಪುಟಗಟ್ಟಲೆ ಬರೆದವು. ಬರೆಯಬೇಕಾದ್ದೇ. ಆದರೆ ಎರಡು ಸಾವಿರದ ಇಸವಿಯ ನಂತರ ಹುಟ್ಟಿದ ಎಷ್ಟೋ ಮಕ್ಕಳು ಅಪ್ಪನ ಕೈ ಹಿಡಿದು ಮೊದಲ ಸಿನಿಮಾ ನೋಡಿದ್ದು ಮಾಲ್‌ಗಳಲ್ಲಿ. ಅವರ ಬಾಲ್ಯಕ್ಕೆ ಬೆಲೆ ಇಲ್ಲವಾ?

ಇನ್ನೊಂದು ಸಂಕಟ ಇದೆ. ದೊಡ್ಡ ಮಲ್ಟಿಪ್ಲೆಕ್ಸ್‌ಗಳಲ್ಲಿ ಚಿಕ್ಕ ಕನ್ನಡ ಸಿನಿಮಾಗೆ ಸಿಗುವುದು ಬೆಳಗ್ಗೆ ಒಂಬತ್ತೂವರೆಯ ಶೋ. ಕೆಲಸಕ್ಕೆ ಹೋಗುವವರು ಹೇಗೆ ನೋಡಬೇಕು? ಮೂರೇ ದಿನಕ್ಕೆ ‘ಜನ ಬರಲಿಲ್ಲ’ ಅಂತ ಎತ್ತಿಬಿಡುತ್ತಾರೆ. ಟಿಕೆಟ್ ದರ 200 ರೂಪಾಯಿ ದಾಟಬಾರದು ಅಂತ 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ನಿಯಮ ತಂದಿತು. ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ನಾಲ್ಕು ಜನರ ಸಂಸಾರ ಒಂದು ಭಾನುವಾರ ಸಿನಿಮಾಗೆ ಹೋಗಿ ಬಂದರೆ ತಿಂಗಳ ಹಾಲಿನ ದುಡ್ಡು ಖರ್ಚಾಗುತ್ತದೆ. ಪಿಂಚಣಿಯವರು ಹೋಗಿ ಎರಡೂವರೆ ಗಂಟೆ ತಣ್ಣಗೆ ಕೂತು ಬರುವ ಅಗ್ಗದ ಜಾಗಗಳು ಎಷ್ಟು ಉಳಿದಿವೆ, ಹೇಳಿ.

ನಿಮ್ಮ ಮೇಲೂ ಒಂದು ದೂರು ಇದೆ ಮೇಡಂ. ಪತ್ರದಲ್ಲಿ ಮಾಲ್, ಮಹಡಿ, ಪರದೆ ಎಲ್ಲ ಇದೆ. ಅಲ್ಲಿ ಕೆಲಸ ಮಾಡುತ್ತಿದ್ದವರ ಬಗ್ಗೆ ಒಂದು ಸಾಲೂ ಇಲ್ಲ. ಪ್ರೊಜೆಕ್ಟರ್ ನೋಡಿಕೊಳ್ಳುತ್ತಿದ್ದವರು, ಕಸ ಗುಡಿಸುತ್ತಿದ್ದವರು ಈಗೆಲ್ಲಿದ್ದಾರೆ? ಅಕ್ಕಪಕ್ಕದ ಅಂಗಡಿಗಳಲ್ಲಿ ಸ್ವಲ್ಪ ವಿಚಾರಿಸಿ. ಸಿಕ್ಕರೆ ಮಾತಾಡಿಸಿ, ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದು ಕಳಿಸಿ. ಒಂದು ಅಕ್ಷರವನ್ನೂ ಕತ್ತರಿಸದೆ ಪ್ರಕಟಿಸುತ್ತೇವೆ.

— ಸಂ.